ಮೇಜಿನ ಮೇಲಿನ ಬೀಡಿಕಟ್ಟು

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದು ಅಷ್ಟು ವರ್ಷವಾದರೂ ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ ಅನ್ನಿ. ನಮ್ಮವರು ಹೊಸಬರನ್ನು ಕಂಡರೆ ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳುತ್ತಾರೆ, ಅಮ್ಮನ ಬಗ್ಗೆ ಕೇಳುವುದಿಲ್ಲ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದರು ಎಂದರೆ ಎದುರಿನವರು ಅಯ್ಯೋ ಎಂದು ಮಾತು ಬದಲಿಸುತ್ತಿದ್ದರು. ನನಗೂ ಅಷ್ಟೇ ಬೇಕಿತ್ತು.

ಊರಿನಲ್ಲಿ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಮಂಗಳೂರಿನ ಆಚೆ ನಮ್ಮ ಕಡೆ ಯಾವ ಮನೆಯ ಜಗಲಿ ನೋಡಿದರೂ ಒಬ್ಬಳಾದರೂ ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತಿರುತ್ತಿದ್ದಳು. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕಿ ಸುತ್ತುವುದು, ನೂಲು ಕಟ್ಟುವುದು, ಸಂಜೆಗೆ ಕಟ್ಟುಗಳನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡುವುದು. ಅಲ್ಲಿ ಪರೀಕ್ಷಿಸಲು ಕೂತವನು ಸರಿಯಿಲ್ಲದ ಬೀಡಿಗಳನ್ನು ಬೇರೆ ತೆಗೆದು ಪಕ್ಕಕ್ಕೆ ಎಸೆಯುತ್ತಿದ್ದ. ಹಾಗೆ ಎಸೆದ ದಿನ ಅಮ್ಮ ದಾರಿಯುದ್ದಕ್ಕೂ ತನ್ನ ಬೆರಳುಗಳನ್ನೇ ನೋಡಿಕೊಂಡು ನಡೆಯುತ್ತಿದ್ದಳು. ನನ್ನ ಶಾಲೆ, ಕಾಲೇಜು, ಹಾಸ್ಟೆಲು, ಮದುವೆಯ ಸೀರೆ ಎಲ್ಲವೂ ಆ ಮೊರದಿಂದಲೇ ಬಂದವು. ಬೀಡಿ ಕಟ್ಟಿ ಮಗಳನ್ನು ಎಂ.ಎಸ್‌ಸಿ. ಮಾಡಿಸಿದವಳು ಎಂದು ಊರಿನವರು ಅಮ್ಮನನ್ನು ತೋರಿಸಿ ಹೇಳುತ್ತಿದ್ದರು. ಆ ಹೊಗಳಿಕೆಯನ್ನು ಕೇಳಿ ನಾನೂ ಬೀಗಿದ್ದೇನೆ. ನಾಚಿಕೆ ನನಗೆ ಶುರುವಾದದ್ದು ಇಲ್ಲಿ ಬಂದು ಕೆಲಸಕ್ಕೆ ಸೇರಿದ ಮೇಲೆ.

ಕೆಲಸ ಪಕ್ಕದ ಊರಿನ ನಗರಸಭೆಯಲ್ಲಿ, ಇಲ್ಲಿಯವರ ಮಾತಿನ ಕೌನ್ಸಿಲ್‌ನಲ್ಲಿ. ಅಂಗಡಿಗಳ ಮೇಲೆ ಕಣ್ಣಿಡುವ ವಿಭಾಗ ಅದು. ತೂಕ ಅಳತೆಯಿಂದ ಹಿಡಿದು ನಕಲಿ ಮಾಲಿನವರೆಗೆ ಎಲ್ಲ ನೋಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಹದಿನೆಂಟು ತುಂಬದ ಮಕ್ಕಳ ಕೈಗೆ ಸಿಗರೇಟು, ಹೊಗೆಸೊಪ್ಪು ಸಿಗದಂತೆ ತಡೆಯುವುದು. ಸಣ್ಣ ಅಂಗಡಿಗಳೂ ಸಿಗರೇಟನ್ನು ಮುಚ್ಚಿದ ಕಪಾಟಿನೊಳಗೇ ಇಡಬೇಕು ಎಂಬ ಕಾನೂನು ಆಗಷ್ಟೇ ಬಂದಿತ್ತು. ನಾನು ಅಂಗಡಿ ಅಂಗಡಿ ಅಲೆದು, ನನ್ನ ಹರಕು ಹಿಂದಿಯಲ್ಲಿ, ಇಪ್ಪತ್ತೈದಕ್ಕಿಂತ ಚಿಕ್ಕವರ ಹಾಗೆ ಕಂಡರೆ ಐಡಿ ಕೇಳಿ ಎಂದು ಬೋಧಿಸುತ್ತಿದ್ದೆ. ಅಂಗಡಿಯವರು ಬೆಹೆನ್‌ಜೀ ಎಂದು ಕರೆದು ಚಹಾ ಕೊಡುತ್ತಿದ್ದರು. ಶಾಲೆಗಳಿಗೂ ಹೋಗುತ್ತಿದ್ದೆ. ಶ್ವಾಸಕೋಶದ ಚಿತ್ರ ತೋರಿಸಿ, ಈ ವಿಷದ ವ್ಯಾಪಾರದಲ್ಲಿ ಕೈಯಾಡಿಸಿದ ಪ್ರತಿಯೊಬ್ಬರೂ ಹೊಣೆಗಾರರು ಎಂದು ದನಿಯೇರಿಸಿ ಹೇಳುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ನಾನು ಆ ಬದನೆಕಾಯಿಯನ್ನೇ ತಿಂದು ಬೆಳೆದವಳು.

ಒಂದು ದಿನ ನಮ್ಮ ವಿಭಾಗದ ಹಿರಿಯ ಅಧಿಕಾರಿ, ಯಾರ್ಕ್‌ಶೈರ್ ಕಡೆಯ ನಗುಮುಖದ ಹೆಂಗಸು, ಯಾವುದೋ ಅಂಗಡಿಯಿಂದ ವಶಪಡಿಸಿಕೊಂಡ ಮಾಲನ್ನು ನನ್ನ ಮೇಜಿನ ಮೇಲೆ ಸುರಿದಳು. ಎಚ್ಚರಿಕೆಯ ಚಿತ್ರವಿಲ್ಲದ ಗುಟ್ಕಾ, ಹುಕ್ಕಾ ಸೊಪ್ಪು, ಅವುಗಳ ನಡುವೆ ಬೀಡಿಕಟ್ಟುಗಳು. ಶಾಲೆ ಮುಗಿಸಿ ಬರುವ ಮಕ್ಕಳು ಕೊಳ್ಳುತ್ತಿದ್ದರಂತೆ. ಸಿಗರೇಟಿಗಿಂತ ಅಗ್ಗ, ಸೊಪ್ಪಿನದ್ದು, ಹಾಗಾಗಿ ಅಪಾಯವಿಲ್ಲ ಎಂದು ಅವರ ನಂಬಿಕೆ. ನಿಮ್ಮ ಕಡೆಯದ್ದೇ ಅಲ್ಲವೇ ಎಂದು ಆಕೆ ಸಹಜವಾಗಿ ಕೇಳಿದಳು. ಲೇಬಲ್ಲಿನ ಮೇಲೆ ಕನ್ನಡದ ಅಕ್ಷರಗಳೂ ಇದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನನಗೆ ಗೊತ್ತಿಲ್ಲ, ನಾವು ಅಂಥದ್ದನ್ನೆಲ್ಲ ನೋಡಿಲ್ಲ ಎಂದು ಬೇಕಿಲ್ಲದ ವಿವರಣೆಯನ್ನೆಲ್ಲ ಕೊಟ್ಟೆ.

ನನ್ನ ಮಗಳಿಗೆ ಆಗ ಹದಿನೈದು. ಕೌನ್ಸಿಲ್‌ನವರು ಅವಳ ವಯಸ್ಸಿನವರನ್ನು ಸ್ವಯಂಸೇವಕರಾಗಿ ಕರೆದುಕೊಂಡು ಅಂಗಡಿಗಳನ್ನು ಪರೀಕ್ಷಿಸುತ್ತಿದ್ದರು. ಪರಿಚಯದವರಿಲ್ಲದ ಊರಿಗೆ ಕಾರಿನಲ್ಲಿ ಕರೆದೊಯ್ಯುತ್ತಾರೆ. ಮಗು ಒಳಗೆ ಹೋಗಿ ಸಿಗರೇಟು ಕೊಡಿ ಎನ್ನಬೇಕು. ದೊಡ್ಡವಳ ಹಾಗೆ ಬಣ್ಣ ಬಳಿದುಕೊಂಡು ಹೋಗುವಂತಿಲ್ಲ. ವಯಸ್ಸೆಷ್ಟು ಎಂದು ಕೇಳಿದರೆ ನಿಜವನ್ನೇ ಹೇಳಬೇಕು. ಅಂಗಡಿಯವನು ಕೊಡುವುದಿಲ್ಲ ಎಂದರೆ ಗೆದ್ದ, ಕೊಟ್ಟರೆ ಹೊರಗೆ ನಿಂತ ಅಧಿಕಾರಿ ಒಳಗೆ ಬರುತ್ತಾರೆ. ನನ್ನ ಮಗಳು ಈ ಕೆಲಸವನ್ನು ವ್ರತದ ಹಾಗೆ ಹಿಡಿದಳು. ಸುಳ್ಳು ಹೇಳಬಾರದು ಎಂಬ ನಿಯಮವನ್ನು ಮನೆಗೂ ತಂದು, ಬೇಡದ ಫೋನಿಗೆ ಅಮ್ಮ ಮನೆಯಲ್ಲಿಲ್ಲ ಎಂದು ಹೇಳಲೂ ಒಪ್ಪುತ್ತಿರಲಿಲ್ಲ. ಇವಳು ಯಾವ ಹರಿಶ್ಚಂದ್ರನ ವಂಶದವಳೋ ಎಂದು ನನ್ನ ಗಂಡ ನಗುತ್ತಿದ್ದರು.

ಅದೇ ಬೇಸಿಗೆಯಲ್ಲಿ ಅಮ್ಮ ಬಂದಳು. ಆರು ತಿಂಗಳ ವೀಸಾ. ಬಂದ ವಾರದಲ್ಲೇ ಅಡುಗೆಮನೆಯನ್ನು ತನ್ನದು ಮಾಡಿಕೊಂಡು, ಮೊಮ್ಮಗಳಿಗೆ ನೀರುದೋಸೆಯ ಹುಚ್ಚು ಹಿಡಿಸಿದಳು. ಅಜ್ಜಿ ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಇಬ್ಬರೂ ನಗುವುದು. ನನ್ನ ಕೆಲಸದ ಬಗ್ಗೆ ಅಮ್ಮ ಒಂದೇ ಸಲ ಕೇಳಿದಳು.

"ನಿನ್ನ ಆಫೀಸಲ್ಲಿ ಎಂತ ಕೆಲಸ ಮಗಾ?"

"ಅಂಗಡಿ ತಪಾಸಣೆ."

"ತೂಕ ಸರಿ ಉಂಟಾ ಅಂತ ನೋಡುದಾ?"

"ಹೂಂ, ಅಂಥದ್ದೇ."

"ಒಳ್ಳೇದು. ಮೋಸ ಮಾಡುವವರು ಎಲ್ಲ ಕಡೆ ಇರ್ತಾರೆ."

ಅಮ್ಮನಿಗೆ ನೋವಾಗದಿರಲಿ ಎಂದು ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ, ಆಫೀಸಿನವರಿಗೆ ಅಮ್ಮನ ವಿಷಯ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ಒಂದು ಕಡೆಯದ್ದು ಇನ್ನೊಂದು ಕಡೆಗೆ ದಾಟದಂತೆ ಆರು ತಿಂಗಳು ಸಾಗಿಸಿದರೆ ಸಾಕಿತ್ತು.

ಆದರೆ ಸ್ವಯಂಸೇವಕ ಮಕ್ಕಳಿಗೆ ಪ್ರಶಸ್ತಿಪತ್ರ ಕೊಡುವ ಸಮಾರಂಭ ಇಟ್ಟುಕೊಂಡರು. ಒಂದು ಶನಿವಾರ ಮಧ್ಯಾಹ್ನ, ಕಮ್ಯೂನಿಟಿ ಹಾಲಿನಲ್ಲಿ, ಮನೆಯವರೆಲ್ಲ ಬರಬಹುದು. ಅಜ್ಜಿಗೆ ಕಾಲುನೋವು, ಬೇಡ ಎಂದು ನಾನು ಹೇಳಿ ಮುಗಿಸುವ ಮೊದಲೇ ಮಗಳು ಅಜ್ಜಿಗೆ ಹೇಳಿಯಾಗಿತ್ತು. ಗಂಡನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅಮ್ಮ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ನನ್ನ ಹಳೆಯ ಕೋಟು ತೊಟ್ಟು, ಬಸ್ಸಿನಲ್ಲಿ ಮೊಮ್ಮಗಳ ಪಕ್ಕ ಕೂತಳು.

ಹಾಲಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಒಬ್ಬರು ಕೌನ್ಸಿಲರ್ ಭಾಷಣ ಮಾಡಿದರು. ಮಗಳ ಹೆಸರು ಕರೆದಾಗ ಅಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು. ಆಮೇಲೆ ಚಹಾ, ಸಮೋಸಾ. ಯಾರೋ ಕರೆದರೆಂದು ನಾನು ಆ ಕಡೆ ಹೋಗಿ ಮಾತಿಗೆ ನಿಂತೆ. ಹಿಂತಿರುಗಿ ನೋಡಿದರೆ ಅಮ್ಮನ ಕುರ್ಚಿ ಖಾಲಿ.

ಹಾಲಿನ ಹಿಂಬದಿಯಲ್ಲಿ ಒಂದು ಉದ್ದನೆಯ ಮೇಜು ಹಾಕಿ ವಶಪಡಿಸಿಕೊಂಡ ಮಾಲನ್ನು ಜೋಡಿಸಿ, ಇಂಗ್ಲಿಷಿನಲ್ಲಿ ಎಚ್ಚರಿಕೆಯ ಫಲಕ ಹಾಕಿದ್ದರು. ತಂದೆತಾಯಿಗಳು ನೋಡಿ ಗುರುತು ಹಿಡಿಯಲಿ ಎಂಬ ಉದ್ದೇಶ. ಆ ಮೇಜಿನ ಸುತ್ತ ಮಕ್ಕಳು ಗುಂಪಾಗಿ ನಿಂತಿದ್ದರು. ನಡುವೆ ರೇಷ್ಮೆ ಸೀರೆ ಕಂಡಿತು.

ನಮ್ಮ ಕಡೆ ಮಹಿಳಾ ಸಂಘಗಳು ವಸ್ತುಪ್ರದರ್ಶನ ಇಡುತ್ತವೆ. ಹೆಂಗಸರು ಕೈಯಾರೆ ಮಾಡಿದ ಉಪ್ಪಿನಕಾಯಿ, ಊದುಬತ್ತಿ, ಬುಟ್ಟಿಗಳನ್ನು ಮೇಜಿನ ಮೇಲೆ ಜೋಡಿಸಿ, ಮಾಡಿದವಳೇ ಹಿಂದೆ ನಿಂತು ವಿವರಿಸುವುದು ಪದ್ಧತಿ. ಅಮ್ಮ ಕಂಡದ್ದು ಅದನ್ನೇ. ಇಂಗ್ಲಿಷ್ ಬರಹ ಅವಳಿಗೆ ಬರುವುದಿಲ್ಲ, ಬೀಡಿಕಟ್ಟಿನ ಲೇಬಲ್ಲಿನ ಮೇಲಿನ ಕನ್ನಡ ಬರುತ್ತದೆ. ಅವಳು ಮೇಜಿನ ಹಿಂಬದಿಗೆ ಹೋಗಿ, ಮೂಲೆಯಲ್ಲಿದ್ದ ಬೀಡಿಕಟ್ಟನ್ನು ತೆಗೆದು ಲೇಬಲ್ಲು ಜನರಿಗೆ ಕಾಣುವಂತೆ ಮುಂದೆ ಇಟ್ಟಿದ್ದಳು. ಸಾಲದ್ದಕ್ಕೆ ಕಾಗದದ ಕರವಸ್ತ್ರವನ್ನು ಎಲೆಯ ಆಕಾರಕ್ಕೆ ಹರಿದು, ಸಮೋಸಾದ ಪುಡಿಯನ್ನು ಅದರೊಳಗೆ ಉದುರಿಸಿ, ಸುತ್ತುವುದು ಹೇಗೆಂದು ತೋರಿಸುತ್ತಿದ್ದಳು. ಇಬ್ಬರು ಹುಡುಗಿಯರು ಅವಳನ್ನು ನೋಡಿ ತಾವೂ ಸುತ್ತುತ್ತಿದ್ದರು. ಒಬ್ಬಳ ಬೆರಳನ್ನು ಹಿಡಿದು ಅಮ್ಮ ತಿದ್ದುತ್ತಿದ್ದಳು. ಮಕ್ಕಳನ್ನು ತಂಬಾಕಿನಿಂದ ದೂರವಿಡುವ ಸಭೆಯಲ್ಲಿ ನನ್ನ ಅಮ್ಮ ಮಕ್ಕಳಿಗೆ ಬೀಡಿ ಕಟ್ಟಲು ಕಲಿಸುತ್ತಿದ್ದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಷ್ಟು ಬೇಗ ನಡೆದೆನೋ ಗೊತ್ತಿಲ್ಲ, ಆದರೆ ಅಧಿಕಾರಿ ನನಗಿಂತ ಮೊದಲು ಅಲ್ಲಿ ತಲುಪಿದ್ದಳು. ನನ್ನನ್ನು ಕಂಡದ್ದೇ ಅಮ್ಮನ ಮುಖ ಅರಳಿತು.

"ನೋಡು ಮಾರಾಯ್ತಿ, ನಮ್ಮ ಬೀಡಿ ಇಲ್ಲಿಯವರೆಗೆ ಬಂದುಂಟು. ನೀನು ಒಂದು ಮಾತು ಹೇಳ್ಲಿಲ್ಲ ಅಲ್ವಾ. ಇವರಿಗೆ ಹೇಳು, ನಾನು ಮದುವೆಗೆ ಮೊದಲಿಂದ ಇದೇ ಕೆಲಸ ಮಾಡಿದ್ದು ಅಂತ."

ಅಧಿಕಾರಿ ನನ್ನತ್ತ ತಿರುಗಿ ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ನಾನು ಮೇಜಿನ ಮೇಲೆ ಬಿದ್ದಿದ್ದ ಕಾಗದದ ಚೂರುಗಳನ್ನು ಒಟ್ಟುಮಾಡತೊಡಗಿದೆ.  ಪ್ರಶಸ್ತಿಪತ್ರ ಹಿಡಿದುಕೊಂಡು ಬಂದ ಮಗಳು ಉತ್ತರಿಸಿದಳು. ಕೇಳಿದರೆ ನಿಜ ಹೇಳಬೇಕು ಎಂದು ಅವಳಿಗೆ ಕಲಿಸಿದ್ದು ಈ ಆಫೀಸಿನವರೇ ತಾನೇ.

"ಶಿ ಯೂಸ್ಡ್ ಟು ಮೇಕ್ ದೀಸ್. ಇಟ್ ವಾಸ್ ಹರ್ ಜಾಬ್." ಆಮೇಲೆ ನನ್ನನ್ನು ನೋಡಿ ಮೆಲ್ಲಗೆ, "ಡಿಡ್ ಶಿ, ಮಮ್?" ಎಂದು ಕೇಳಿದಳು. ಅವಳಿಗೂ ಅದು ಆಗಲೇ ಗೊತ್ತಾದದ್ದು.

ಅಧಿಕಾರಿ ಒಳ್ಳೆಯವಳು. ಈಗಲೂ ಹಾಗೆಯೇ ಹೇಳುತ್ತೇನೆ. ಅವಳು, ಹೌದಾ, ಎಷ್ಟು ಚೆನ್ನಾಗಿದೆ ಎಂದು ಅಮ್ಮನನ್ನು ನೋಡಿ ನಕ್ಕಳು. ಹುಡುಗಿಯರ ಕೈಯಿಂದ ಕಾಗದದ ಬೀಡಿಗಳನ್ನು ಆಟ ಮುಗಿಯಿತು ಎನ್ನುವ ಹಾಗೆ ತೆಗೆದುಕೊಂಡಳು. ಆಮೇಲೆ, ಅಮ್ಮನಿಗೆ ಇರಿಸುಮುರಿಸಾಗಬಾರದು ಎಂದೇ ಇರಬೇಕು, ಆ ಬೀಡಿಕಟ್ಟನ್ನು ಸದ್ದಿಲ್ಲದೆ ಎತ್ತಿ ಮೇಜಿನ ಕೆಳಗಿನ ಪೆಟ್ಟಿಗೆಗೆ ಹಾಕಿದಳು. ಗುಟ್ಕಾ ಅಲ್ಲೇ ಇತ್ತು, ಸಿಗರೇಟುಗಳೂ ಅಲ್ಲೇ ಇದ್ದವು. ತೆಗೆದದ್ದು ಬೀಡಿಯನ್ನು ಮಾತ್ರ.

ಅಮ್ಮ ಪೆಟ್ಟಿಗೆಯನ್ನು ನೋಡಿದಳು. ಕಟ್ಟು ಎತ್ತಿ ಪಕ್ಕಕ್ಕೆ ಹಾಕಿದರೆ ಏನರ್ಥ ಎಂಬುದು ಅವಳಿಗೆ ಒಂದೇ ರೀತಿಯಲ್ಲಿ ಗೊತ್ತಿತ್ತು.

"ಎಂತ ಆಯ್ತು? ಸರಿ ಇಲ್ವಂತಾ?" ಎಂದು ನನ್ನ ಕೈ ಹಿಡಿದಳು. "ಅದು ನಾನು ಕಟ್ಟಿದ್ದಲ್ಲ ಅಂತ ಹೇಳು. ಬೇರೆ ಯಾರದೋ ಕೈ. ನನ್ನದನ್ನು ಹಾಗೆ ಎಸೆಯುದಿಲ್ಲ."

"ಅಮ್ಮಾ, ಬಾ, ಹೋಗುವಾ" ಎಂದೆ.

"ಹೇಳಿದ್ಯಾ?"

"ಹೇಳಿದೆ."

ಹೇಳಿರಲಿಲ್ಲ. ಮಗಳು ಪಕ್ಕದಲ್ಲೇ ಇದ್ದಳು, ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಕೌನ್ಸಿಲರ್ ದೂರದಿಂದ ನಮ್ಮನ್ನೇ ನೋಡುತ್ತಿದ್ದರು. ನಾನು ಅಮ್ಮನಿಗೆ ಕೋಟು ಹಾಕಿಸಿ, ಗುಂಡಿ ಹಾಕುವ ನೆಪದಲ್ಲಿ ತಲೆ ತಗ್ಗಿಸಿಕೊಂಡೇ ಹೊರಗೆ ಕರೆದುಕೊಂಡು ಬಂದೆ.

ಸಂಜೆ ಅಮ್ಮ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ಆ ಮೇಜಿನಲ್ಲಿ ಏನು ಬರೆದಿತ್ತು ಎಂದು ನನ್ನನ್ನು ಕೇಳಲಿಲ್ಲ, ಮೊಮ್ಮಗಳನ್ನು ಕೇಳಿದಳು. ನಾನು ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದೆ. ಏನಾದರೂ ಹೇಳಿ ತಪ್ಪಿಸೇ ಎಂದು ಮನಸ್ಸಿನಲ್ಲೇ ಮಗಳನ್ನು ಬೇಡಿಕೊಂಡೆ. ಆ ಮಗು ಎಂದೂ ಕನ್ನಡದಲ್ಲಿ ಉತ್ತರಿಸದವಳು, ಅಂದು ತಡವರಿಸುತ್ತ ಕನ್ನಡದಲ್ಲಿ ಹೇಳಿದಳು.

"ಅಜ್ಜಿ, ಅದು... ಕೆಟ್ಟದು ಅಂತ. ಮಕ್ಕಳು ಸೇದಬಾರ್ದು ಅಂತ. ಸಿಕ್ ಆಗ್ತಾರೆ. ಅಮ್ಮನ ಕೆಲಸ ಅದೇ. ನಂದೂ."

ತುರಿಯುವ ಸದ್ದು ನಿಂತಿತು.

"ಚಿಕ್ಕ ಮಕ್ಕಳು ಸೇದ್ತಾರಾ, ಬೀಡಿ?"

"ಕೆಲವರು. ನನ್ನ ಕ್ಲಾಸ್‌ದು ಒಬ್ಬ ಹುಡುಗ."

ಅಮ್ಮ ಮತ್ತೆ ತುರಿಯತೊಡಗಿದಳು. ನಮ್ಮಿಬ್ಬರಿಗೂ ಅಲ್ಲ, ಕಾಯಿಗೆ ಹೇಳುವ ಹಾಗೆ, "ದೊಡ್ಡವರು ಸೇದುದು ಅಂತ ನಾನು ಎಣಿಸಿದ್ದು" ಎಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಎಸೆದು ಹಗುರವಾಗುತ್ತಿದ್ದೆ, ಜಗಳ ಆಡಲು ನನಗೆ ಬರುತ್ತದೆ. ಆ ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ, "ನಿನಗೆ ಆಫೀಸಲ್ಲಿ ತೊಂದರೆ ಆಗ್ತದಾ?" ಎಂದು ಕೇಳಿದಳು. ಇಲ್ಲ ಎಂದೆ.

"ಕೇಳಿದರೆ, ಮುದುಕಿಗೆ ಅರಳುಮರಳು, ಏನೇನೋ ಹೇಳ್ತಾಳೆ ಅಂತ ಹೇಳಿಬಿಡು."

"ಎಂತ ಮಾತು ಅಮ್ಮಾ ಅದು."

"ಎಂತ ಇಲ್ಲ. ಇವತ್ತಲ್ಲ ನಾಳೆ ನಾನು ಊರಿಗೆ ಹೋಗುವವಳು. ನೀನು ಅಲ್ಲಿ ಮುಖ ತೋರಿಸ್ಬೇಕಲ್ಲ."

ಇದು ನನಗೆ ಎಷ್ಟು ಇರಿಯಿತು ಎಂದು ಹೇಳಿಕೊಳ್ಳಬಹುದು, ಹೇಳಿಕೊಳ್ಳಲು ಇಷ್ಟವಿಲ್ಲ. ಯಾಕೆಂದರೆ ಅದರ ಜೊತೆಗೇ ಎದೆಯ ಒಂದು ಮೂಲೆಯಲ್ಲಿ, ಹೌದಲ್ಲ, ಹಾಗೆ ಹೇಳಬಹುದಲ್ಲ ಎಂದೂ ಹೊಳೆಯಿತು. ಮಾರನೆಯ ದಿನ ಅಮ್ಮ ಮೊಮ್ಮಗಳನ್ನು ಕೂರಿಸಿಕೊಂಡು, ನಾನು ಬೀಡಿ ಕಟ್ಟಿಲ್ಲ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಕೇಳಿದ್ದು ಕೋಣೆಯಿಂದ ಕೇಳಿಸಿತು. ಮಗಳು ಒಪ್ಪಲಿಲ್ಲ. "ನೋ ಅಜ್ಜಿ, ದಟ್ಸ್ ಅ ಲೈ" ಎಂದು ಎದ್ದು ಹೋದಳು.

ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ. ಎಲ್ಲರೂ ನನ್ನ ಜೊತೆ ಮೊದಲಿಗಿಂತ ಮೃದುವಾಗಿ ಮಾತಾಡುತ್ತಿದ್ದರು. ಅದನ್ನು ಸಹಿಸುವುದು ಕಷ್ಟವಾಯಿತು. ಶಾಲೆಗೆ ಹೋದಾಗ ಹೊಣೆಗಾರರು ಎಂಬ ಸಾಲು ಬಂದರೆ ದಾಟಿಸಿ ಮುಂದಿನ ಚಿತ್ರಕ್ಕೆ ಹೋಗುತ್ತಿದ್ದೆ.

ಅಮ್ಮ ಊರಿಗೆ ಹೊರಡುವ ಕೆಲವು ವಾರ ಮೊದಲು ನಾವು ಮೂವರು ಪೇಟೆಯ ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಅಧಿಕಾರಿ ಎದುರಾದಳು. ದೂರದಿಂದಲೇ ಕೈಬೀಸಿ ಬಂದು ಅಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅಂದಿನಿಂದ ನಿಮ್ಮ ಬಗ್ಗೆಯೇ ಯೋಚಿಸುತ್ತಿದ್ದೆ ಎಂದಳು. ಇಲ್ಲಿಯ ಹೆಂಗಸರ ಗುಂಪಿನ ಮುಂದೆ, ಆ ಕೆಲಸ ಹೇಗಿತ್ತು, ಮನೆ ಹೇಗೆ ನಡೆಸಿದಿರಿ ಎಂದು ನಿಮ್ಮದೇ ಮಾತಿನಲ್ಲಿ ಹೇಳುತ್ತೀರಾ, ನಿಮ್ಮ ಮಗಳು ಅನುವಾದ ಮಾಡಲಿ, ತಪ್ಪು ಹೊರಿಸಲು ಅಲ್ಲ, ಈ ವ್ಯಾಪಾರದ ಆ ತುದಿಯಲ್ಲೂ ಮನುಷ್ಯರಿದ್ದಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಇಷ್ಟನ್ನೂ ಅವಳು ಮನಸಾರೆ ಹೇಳಿದಳು. ಅಮ್ಮನಿಗೆ ಅದರಲ್ಲಿ ಅರ್ಥವಾದದ್ದು ಬೀಡಿ ಎಂಬ ಒಂದು ಶಬ್ದ.

ನಾನು ಅನುವಾದಿಸಲು ಬಾಯಿ ತೆರೆಯುವ ಮೊದಲೇ ಅಮ್ಮ ಕೈ ಬಿಡಿಸಿಕೊಂಡು ಸೆರಗಿನೊಳಗೆ ಸೇರಿಸಿದಳು. ಯಾರೂ ಕಲಿಸಲಿಲ್ಲವಾದ್ದರಿಂದ ಟಿವಿ ನೋಡಿ ತಾನೇ ಹೊಂದಿಸಿಕೊಂಡಿದ್ದ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ನಗುತ್ತ ಹೇಳಿದಳು.

"ನೋ, ನೋ. ಮೀ ನೋ ಬೀಡಿ. ಮೀ ಓನ್ಲಿ ಕುಕಿಂಗ್."

ಅಧಿಕಾರಿ ಗೊಂದಲದಿಂದ ನನ್ನ ಮುಖ ನೋಡಿದಳು. ತಾನು ತಪ್ಪು ತಿಳಿದೆನೇ ಎಂದು ಕೇಳಿದಳು. ಮಗಳು ಸೊಪ್ಪಿನ ಚೀಲ ಹಿಡಿದು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಅಜ್ಜಿಯನ್ನಲ್ಲ, ನನ್ನನ್ನು.

"ಹೌದು," ಎಂದೆ ನಾನು ಇಂಗ್ಲಿಷಿನಲ್ಲಿ, "ಅಮ್ಮ ಅಡುಗೆ ತುಂಬ ಚೆನ್ನಾಗಿ ಮಾಡುತ್ತಾರೆ."

ನಾನು ಏನೆಂದೆ ಎಂದು ಅಮ್ಮ ಕೇಳಲಿಲ್ಲ. ನನ್ನ ದನಿಯಲ್ಲೇ ಗೊತ್ತಾಗಿತ್ತು. ಬಂದ ದಿನದಿಂದ ಕಾಣದಷ್ಟು ನಿರಾಳವಾಗಿ ಅವಳು ನನ್ನ ಕಡೆ ತಿರುಗಿ, ಒಳ್ಳೆಯ ಕೆಲಸ ಮಾಡಿದೆ ಎನ್ನುವ ಹಾಗೆ ಬೆನ್ನು ತಟ್ಟಿದಳು.